ಅತ್ತೆ, ಆರು ವರ್ಷದ ಮಗಳು ಮತ್ತು ಹಕುಬಾದ ಹಿಮ

ಮನೆಮಂದಿಯೆಲ್ಲ ಜಪಾನಿಗೆ ಹೋಗಿ ಹಿಮದಲ್ಲಿ ಸ್ಕೀ ಮಾಡುವ ಪ್ಲಾನ್ ಶುರು ಮಾಡಿದ್ದೇ ತಪ್ಪು ಕಡೆಯಿಂದ. ಅಲ್ಲಿ ಎಲ್ಲಿ ಹಿಮ ಚೆನ್ನಾಗಿದೆ ಅಂತ ಹುಡುಕುತ್ತಾ ಎರಡು ವಾರ ಕಳೆದೆ. ಕೇಳಿದವರೆಲ್ಲ ಉತ್ತರದ ಹೊಕ್ಕೈಡೊ ದ್ವೀಪದ ನಿಸೆಕೊಗೆ ಹೋಗಿ ಅಂದರು. ಅಲ್ಲಿನ ಹಿಮ ಜರಡಿ ಹಿಡಿದ ಹಿಟ್ಟಿನ ಹಾಗೆ ಹಗುರವಂತೆ. ಇರಲಿ. ಸ್ಕೀ ಹಲಗೆಯನ್ನು ಜನ್ಮದಲ್ಲಿ ಮುಟ್ಟದ ನಮಗೆ ಹಗುರ ಹಿಮ ಆದರೇನು, ಗಟ್ಟಿ ಹಿಮ ಆದರೇನು? ಬೀಳುವುದಂತೂ ಗ್ಯಾರಂಟಿ ಅಲ್ವಾ.

ಒಂದು ದಿನ ಕಾಫಿ ಕುಡಿಯುತ್ತಾ ಅತ್ತೆ ಕೇಳಿದರು: "ನೀವೆಲ್ಲ ಜಾರ್ಕೊಂಡು ಹೋಗ್ತೀರ. ನಾನೇನಮ್ಮ ಮಾಡ್ಲಿ ಅಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ಹಳೇ ಪಟ್ಟಿ ಹರಿದು ಹಾಕಿದೆ. ಅತ್ತೆಗೆ 68 ವರ್ಷ, ಚಿಕ್ಕವಳಿಗೆ 6. ಇವರಿಬ್ಬರ ದಿನ ಹೇಗೆ ಕಳೆಯುತ್ತೆ ಅಂತ ಮೊದಲು ಬರೆದುಕೊಂಡೆ. ನಾನು, ನಮ್ಮವರು, ಹತ್ತು ವರ್ಷದ ಮಗ ಹೇಗೋ ಹೊಂದಿಕೊಳ್ಳುತ್ತೇವೆ.

ತಾರೀಖು ಸುಲಭವಾಗಿ ಗೊತ್ತಾಯಿತು. ಮಕ್ಕಳ ಪರೀಕ್ಷೆ ಮಾರ್ಚ್ ಮಧ್ಯಕ್ಕೆ ಮುಗಿಯುತ್ತಿತ್ತು. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ. ಹಬ್ಬಕ್ಕೆ ಮನೆಯಲ್ಲೇ ಇರಬೇಕು ಅಂತ ಅತ್ತೆ ಖಡಾಖಂಡಿತ ಹೇಳಿಬಿಟ್ಟರು. ಸಿಕ್ಕಿದ್ದು ನಡುವಿನ ಹತ್ತು ದಿನ. ಸ್ಕೀ ಗೊತ್ತಿರುವವರು ಮೂಗು ಮುರಿಯುತ್ತಾರೆ, ಅವರಿಗೆ ಜನವರಿ, ಫೆಬ್ರವರಿಯೇ ಬೇಕು. ಆದರೆ ಮೊದಲ ಸಲ ಹೋಗುವ ಬೆಂಗಳೂರಿನ ಮಕ್ಕಳಿಗೆ ಮಾರ್ಚ್ ಒಳ್ಳೆಯದು. ಚಳಿ ಕಡಿಮೆ, ಬಾಡಿಗೆಯೂ ಹೊಸ ವರ್ಷದ ರಜೆಯಷ್ಟು ಇರುವುದಿಲ್ಲ. ಒಂದೇ ತೊಂದರೆ ಅಂದರೆ ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ರಾಗಿ ಅಂಬಲಿ ಆಗಿಬಿಡುತ್ತೆ. ಅದಕ್ಕೇ ಬೆಳಗ್ಗೆ ಮಾತ್ರ ಸ್ಕೀ ಅಂತ ಮೊದಲೇ ತೀರ್ಮಾನ ಮಾಡಿದೆವು.

ಊರು ಯಾವುದು? ನಾಗಾನೊ ಪ್ರಾಂತ್ಯದ ಹಕುಬಾ. 1998ರ ಚಳಿಗಾಲದ ಒಲಿಂಪಿಕ್ಸ್ ನಡೆದ ಜಾಗಗಳಲ್ಲಿ ಇದೂ ಒಂದು. ಟೋಕಿಯೊದಿಂದ ನಾಗಾನೊಗೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಒಂದೂವರೆ ಗಂಟೆ ಸುಮಾರು, ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಗೆ ಸ್ವಲ್ಪ ಜಾಸ್ತಿ. ಟೋಕಿಯೊದಲ್ಲಿ ಒಂದು ಚೂರೂ ಹಿಮ ಇರಲಿಲ್ಲ. ಅದು ಹೇಗೆ ಅಂತ ಮಗ ಕೇಳಿದ. ಆಗುಂಬೆ, ಚಿತ್ರದುರ್ಗದ ಲೆಕ್ಕ ಹೇಳಿದೆ. ಸೈಬೀರಿಯಾದಿಂದ ಬರುವ ಒಣ ಗಾಳಿ ಜಪಾನ್ ಸಮುದ್ರದ ಮೇಲೆ ನೀರು ಕುಡಿದು ಬಂದು ಬೆಟ್ಟಕ್ಕೆ ಗುದ್ದುತ್ತೆ. ಘಟ್ಟದಲ್ಲಿ ಮಳೆ ಸುರಿದ ಹಾಗೆ ಅಲ್ಲಿ ಹಿಮ ಸುರಿಯುತ್ತೆ. ಬೆಟ್ಟದ ಈಚೆ ಇರುವ ಟೋಕಿಯೊ ನಮ್ಮ ಬಯಲುಸೀಮೆ ಥರ.

ಪ್ರವಾಸಿಗರಿಗೆ ಅಂತ ಕೊಡುವ ಏಳು ದಿನದ ರೈಲು ಪಾಸ್, ಅಂದರೆ ಜೆಆರ್ ಪಾಸ್, ತೆಗೆದುಕೊಳ್ಳಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊ–ನಾಗಾನೊ ಟಿಕೆಟ್ಟು ಒಬ್ಬರಿಗೆ 8 ಸಾವಿರ ಚಿಲ್ಲರೆ, ಮಕ್ಕಳಿಗೆ ಅರ್ಧ. ಹೋಗಿ ಬರುವುದಷ್ಟೇ ಆದರೆ ಪಾಸ್ ಸುಮ್ನೆ ದಂಡ. ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟು, ದಿನಕ್ಕೊಂದು ಸಾಲಿನ ಪ್ರವಾಸದ ಪಟ್ಟಿ ಕೊಟ್ಟೆವು, ತಕರಾರಿಲ್ಲದೆ ಬಂತು. ಪ್ರವಾಸದ ವಿಮೆ ಮಾತ್ರ ಸಣ್ಣಕ್ಷರ ಬಿಡದೆ ಓದಿ. ನಮ್ಮದರಲ್ಲಿ ಚಳಿಗಾಲದ ಆಟಗಳು ಸೇರಿರಲಿಲ್ಲ. ಬೇರೆ ದುಡ್ಡು ಕೊಟ್ಟು ಸೇರಿಸಿಕೊಂಡೆವು.

ಜಪಾನಿನಲ್ಲಿ ನನಗೆ ತುಂಬಾ ಹಿಡಿಸಿದ್ದು ತಕ್ಕ್ಯೂಬಿನ್. ನಮ್ಮ ಪೆಟ್ಟಿಗೆಯನ್ನು ಏರ್‌ಪೋರ್ಟಿನಲ್ಲೇ ಕೊಟ್ಟರೆ ನಾವು ಉಳಿಯುವ ಹೋಟೆಲಿಗೆ ಅವರೇ ತಲುಪಿಸುತ್ತಾರೆ. ಟೋಕಿಯೊ ಹತ್ತಿರದ ನರಿಟಾ ಏರ್‌ಪೋರ್ಟಿನಲ್ಲಿ ಮೂರು ದೊಡ್ಡ ಪೆಟ್ಟಿಗೆ ಕೊಟ್ಟು, ಕೈಬೀಸಿಕೊಂಡು ಟೋಕಿಯೊಗೆ ಹೋದೆವು. ರಾತ್ರಿ ಅತ್ತೆಯ ಬಿಪಿ ಮಾತ್ರೆ ಹುಡುಕಿದರೆ ಇಲ್ಲ! ಡಬ್ಬಿ ಹಕುಬಾಕ್ಕೆ ಹೊರಟಿತ್ತು. ಪ್ಯಾಕ್ ಮಾಡಿದವಳು ನಾನೇ. "ಒಂದು ದಿನ ತಾನೆ, ಬಿಡಮ್ಮ" ಅಂತ ಅವರು ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಮಾರನೇ ಸಂಜೆ ನಾವು ತಲುಪುವಷ್ಟರಲ್ಲಿ ಪೆಟ್ಟಿಗೆ ಅಲ್ಲಿ ಕಾಯುತ್ತಿತ್ತು. ಮಾತ್ರೆ, ಪಾಸ್‌ಪೋರ್ಟು, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಹಕುಬಾ ಅಂದರೆ ಒಂದೇ ಬೆಟ್ಟವಲ್ಲ, ಕಣಿವೆಯ ಉದ್ದಕ್ಕೂ ಹಲವು ಸ್ಕೀ ಜಾಗಗಳಿವೆ. ಹೆಸರುವಾಸಿ ಹಪ್ಪೊ-ಒನೆ. ನಾವು ಉಳಿದದ್ದು ತ್ಸುಗಾಇಕೆಯಲ್ಲಿ. ಅಲ್ಲಿ ಬುಡದ ಇಳಿಜಾರು ಅಗಲ, ಸಪೂರ ಅಲ್ಲ, ಕಡಿದಾಗಿಯೂ ಇಲ್ಲ. ಸ್ಕೀ ಶಾಲೆಗೆ ಹತ್ತಿರವೇ ರೂಮು ಹಿಡಿದಿದ್ದು ನಾನು ಮಾಡಿದ ಜಾಣತನ. ಸ್ಕೀ ಬೂಟು ಕಲ್ಲಿನಂತೆ ಗಟ್ಟಿ, ಪಾದ ಮಡಚುವುದೇ ಇಲ್ಲ. ಅದನ್ನು ಹಾಕಿಕೊಂಡು ಅಳುವ ಮಗುವನ್ನು ಬಸ್ ಹತ್ತಿಸಿ ನೋಡಿ, ಗೊತ್ತಾಗುತ್ತೆ.

ಹಲಗೆ, ಬೂಟು, ಜಾಕೆಟ್, ಪ್ಯಾಂಟ್ ಎಲ್ಲ ಅಲ್ಲೇ ಬಾಡಿಗೆಗೆ ಸಿಕ್ಕಿತು. ಕೈಗವಸು, ಸ್ಕೀ ಕನ್ನಡಕ, ಉಣ್ಣೆ ಟೋಪಿ ಮನೆಯಿಂದ ಒಯ್ದಿದ್ದೆವು. ಬೂಟಿನ ಅಳತೆ ಸೆಂಟಿಮೀಟರಿನಲ್ಲಿ ಕೇಳುತ್ತಾರೆ, ಪಾದ ಅಳೆದುಕೊಂಡು ಹೋಗಿ. ಬೆಚ್ಚಗಿರಲಿ ಅಂತ ಎರಡು ಜೊತೆ ಸಾಕ್ಸ್ ಹಾಕಬೇಡಿ. ಒಳಗೆ ಮಡಿಕೆ ಬಿದ್ದು ಕಾಲು ನೋಯುತ್ತೆ. ಒಂದೇ ಜೊತೆ, ಮೊಣಕಾಲಿನವರೆಗಿನದು, ಸಾಕು.

ಮಕ್ಕಳನ್ನು ಶಾಲೆಗೆ ಸೇರಿಸಿದೆವು. ನಮ್ಮವರು ಮಾತ್ರ "ನಾನೇ ಕಲಿಸ್ತೀನಿ" ಅಂತ ಹಟ ಹಿಡಿದಿದ್ದರು. ವಿಡಿಯೊ ನೋಡಿ ಕಲಿತಿದ್ದರಂತೆ. ಮೊದಲ ಬೆಳಗ್ಗೆಯೇ ಅಡ್ಡಡ್ಡ ಜಾರಿ ಬೇಲಿಯ ಬಲೆಗೆ ಸಿಕ್ಕಿಬಿದ್ದರು. ಮಾರನೇ ದಿನ ಅವರೂ ಹಣ ಕಟ್ಟಿ ಪಾಠಕ್ಕೆ ನಿಂತರು. ಚಿಕ್ಕವಳಿಗೆ ಇಂಗ್ಲಿಷಿನಲ್ಲಿ ಕಲಿಸುವವರು ಸಿಕ್ಕಿದರು. ಹಲಗೆಗಳ ಮೂತಿ ಹತ್ತಿರ, ಹಿಂಬದಿ ದೂರ ಇಟ್ಟರೆ ವೇಗ ಕಡಿಮೆ ಆಗುತ್ತೆ. ಅದಕ್ಕೆ ಅವರು ಇಟ್ಟ ಹೆಸರು ಪಿಜ್ಜಾ. ಮೂರು ದಿನವೂ ಅವಳ ಬಾಯಲ್ಲಿ ಅದೇ ಮಾತು.

ಊಟದ್ದು ದೊಡ್ಡ ಕಥೆ. ನೋಡಲು ಸಸ್ಯಾಹಾರ ಅನ್ನಿಸುವ ಸೂಪಿಗೂ ಅಲ್ಲಿ ದಾಶಿ ಹಾಕಿರುತ್ತಾರೆ, ಹೆಚ್ಚಾಗಿ ಒಣಮೀನಿನ ರಸ. ಅತ್ತೆಗೆ ಅದು ಆಗದು. ಹಾಗಾಗಿ ಅಡುಗೆಮನೆ ಇರುವ ರೂಮೇ ಹುಡುಕಿದ್ದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಒಯ್ದಿದ್ದೆವು. ಕರಿಬೇವಿನಂಥ ಹಸಿ ಸೊಪ್ಪು ಒಯ್ಯಬೇಡಿ, ಸರಿಯಾದ ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ. ಜಪಾನಿನ ಅಕ್ಕಿಯ ಅನ್ನ ಅಂಟಂಟು, ಪುಳಿಯೋಗರೆ ಮುದ್ದೆಯಾಯಿತು. ಮೊಸರು ಕಲಸಿದಾಗ ಮಾತ್ರ ಅತ್ತೆ ತಲೆದೂಗಿದರು: "ಈ ಅಕ್ಕಿ ಮೊಸರನ್ನಕ್ಕೇ ಹುಟ್ಟಿರೋದು."

ಒನ್ಸೆನ್ ಬಿಸಿನೀರಿನ ಸ್ನಾನಕ್ಕೆ ಅವರು ಒಪ್ಪಲಿಲ್ಲ. ಹೆಂಗಸರಿಗೆ ಬೇರೆ ಜಾಗ ಇದ್ದರೂ ಮೈಮೇಲೆ ಒಂದೆಳೆ ಬಟ್ಟೆ ಇರಬಾರದು. "ನನ್ನ ಕೈಲಾಗಲ್ಲಮ್ಮ." ಕೊನೆಗೆ ಬಸ್ಸಿನಲ್ಲಿ ಹಪ್ಪೊಗೆ ಹೋಗಿ, ಕಾಲು ಮಾತ್ರ ಅದ್ದಿ ಕೂರುವ ತೊಟ್ಟಿ ತೋರಿಸಿದೆ. ಅಲ್ಲಿನ ನೀರು ತುಂಬಾ ಕ್ಷಾರ, ಸೀಗೆಕಾಯಿ ಹಚ್ಚಿದ ಹಾಗೆ ಕೈಗೆ ನುಣ್ಣಗೆ ಜಾರುತ್ತೆ. ಎದುರಿಗೆ ಹಿಮದ ಬೆಟ್ಟ, ಕಾಲ ಕೆಳಗೆ ಬಿಸಿನೀರು. ಒಂದು ಗಂಟೆ ಏಳಲೇ ಇಲ್ಲ. ಪಕ್ಕದಲ್ಲಿ ಕೂತ ಜಪಾನಿ ಅಜ್ಜಿಯೊಬ್ಬರು ಕಿತ್ತಳೆ ಕೊಟ್ಟರು, ಇವರು ಕೋಡುಬಳೆ ಕೊಟ್ಟರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಮಂಡಿನೋವಿನ ವಿಷಯ ಪೂರ್ತಿ ಮಾತಾಡಿದರು.

ಮೂರನೇ ದಿನ ಚಿಕ್ಕವಳು ಯಾರ ಕೈಯೂ ಹಿಡಿಯದೆ ಕೆಳಗಿನ ಇಳಿಜಾರು ಪೂರ್ತಿ ಇಳಿದಳು. "ಪಿಜ್ಜಾ, ಪಿಜ್ಜಾ" ಅಂತ ಕೂಗುತ್ತಾ ಬಂದು ಅಜ್ಜಿಯ ಮುಂದೆಯೇ ನಿಂತಳು. ಅತ್ತೆ ಅದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದರು. ರೂಮಿಗೆ ಬಂದು ನೋಡಿದರೆ ಎರಡು ನಿಮಿಷವೂ ಅವರ ನೀಲಿ ಕೈಗವಸೇ.