ಹಣ್ಣುನೊಣದ ಕರುಳು ಮತ್ತು ವಿಕಾಸದ ಅಧ್ಯಯನ: ನನ್ನ ಅನುಭವ

ನಿಸರ್ಗದಲ್ಲಿ ಬದುಕುವ ಜೀವಿಯ ವಿಕಾಸವನ್ನು ಅದರ ಕರುಳಿನ ಸೂಕ್ಷ್ಮಾಣುಗಳೊಡನೆ ಸೇರಿಸಿ ಅಭ್ಯಸಿಸಲು ನಾನು ಹಣ್ಣುನೊಣವನ್ನು, ಅಂದರೆ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಪ್ರಭೇದವನ್ನು ಆರಿಸಿಕೊಂಡೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದರ ಮೊಟ್ಟೆ ಸುಮಾರು 10 ದಿನಗಳಲ್ಲಿ ನೊಣವಾಗುತ್ತದೆ. ಅದರ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಬಗೆಗಳು ಕೆಲವೇ ಆಗಿದ್ದು, ಮುಖ್ಯವಾದ ಅಸಿಟೋಬ್ಯಾಕ್ಟರ್ ಮತ್ತು ಲ್ಯಾಕ್ಟೋಬ್ಯಾಸಿಲಸ್‌ಗಳು ಅಗಾರ್ ತಟ್ಟೆಯ (ಬ್ಯಾಕ್ಟೀರಿಯಾ ಬೆಳೆಸುವ ಲೋಳೆಯಂಥ ಆಹಾರವಿರುವ ತಟ್ಟೆಯ) ಮೇಲೆ ಸುಲಭವಾಗಿ ಬೆಳೆಯುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ಸಂಶೋಧನೆಗೆ ದೀರ್ಘ ಪರಂಪರೆಯಿರುವುದರಿಂದ, ಪ್ರಭೇದಗಳನ್ನು ಗುರುತಿಸುವ ವಿದ್ಯೆಯನ್ನು ಬಲ್ಲವರು ಇಲ್ಲಿಯೇ ಇದ್ದಾರೆ ಎಂಬುದೂ ನನಗೆ ಧೈರ್ಯ ಕೊಟ್ಟಿತು.

ಹುಳಿಸಿದ ಬಾಳೆಹಣ್ಣನ್ನು ಬಾಟಲಿಯಲ್ಲಿಟ್ಟು ನೊಣ ಹಿಡಿಯುವುದು ರೂಢಿ. ವಿಕಾಸದ ಅಧ್ಯಯನವಷ್ಟೇ ಆಗಿದ್ದರೆ ಅದು ಸಾಕು. ಆದರೆ ಆ ಹಣ್ಣನ್ನು ತಿಂದ ಕ್ಷಣದಿಂದ ಅದರ ಬ್ಯಾಕ್ಟೀರಿಯಾಗಳೂ ನೊಣದ ಕರುಳನ್ನು ಸೇರುತ್ತವೆ. ಆದ್ದರಿಂದ ನಾನು ಮಾರುಕಟ್ಟೆಯ ಕೊಳೆತ ಹಣ್ಣಿನ ರಾಶಿಯ ಮೇಲೆ ಬಲೆ ಬೀಸಿಯೇ ನೊಣಗಳನ್ನು ಹಿಡಿಯುತ್ತೇನೆ, ಜೊತೆಗೆ ಅದೇ ರಾಶಿಯ ಹಣ್ಣಿನ ತುಣುಕನ್ನು ಬೇರೆ ನಳಿಕೆಯಲ್ಲಿ ತರುತ್ತೇನೆ. ಹತ್ತಿರದ ಪ್ರಭೇದಗಳ ಹೆಣ್ಣುಗಳನ್ನು ನೋಟದಿಂದ ಬೇರ್ಪಡಿಸುವುದು ಕಷ್ಟವಾದ್ದರಿಂದ, ಒಂದೊಂದು ಹೆಣ್ಣನ್ನೂ ಪ್ರತ್ಯೇಕ ಸೀಸೆಯಲ್ಲಿಟ್ಟು, ಹುಟ್ಟಿದ ಗಂಡುಗಳ ಮುಂಗಾಲಿನ ಬಾಚಣಿಗೆಯಂಥ ಬಿರುಗೂದಲನ್ನೂ ಜನನಾಂಗವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಭೇದವನ್ನು ನಿರ್ಧರಿಸುತ್ತೇನೆ.

ಈ ಕೆಲಸದ ತಿರುಳಿರುವುದು ಮುಂದಿನ ಪ್ರಶ್ನೆಯಲ್ಲಿ: ಕರುಳಿನಲ್ಲಿ ಕಂಡ ಬ್ಯಾಕ್ಟೀರಿಯಾ ಅಲ್ಲಿ ನೆಲೆಸಿದೆಯೇ, ಅಥವಾ ಆಹಾರದೊಡನೆ ಹಾದುಹೋಗುತ್ತಿದೆಯೇ? ಇದನ್ನು ತಿಳಿಯಲು ನೊಣಗಳನ್ನು ಮೇಲಿಂದ ಮೇಲೆ ಕ್ರಿಮಿಶುದ್ಧ ಆಹಾರವಿರುವ ಹೊಸ ಸೀಸೆಗಳಿಗೆ ವರ್ಗಾಯಿಸಿ, ಹಲವು ದಿನಗಳ ಬಳಿಕವೂ ಉಳಿದವನ್ನು ಎಣಿಸುತ್ತೇನೆ. 2018ರಲ್ಲಿ ಪೋರ್ಚುಗಲ್‌ನ ಸಂಶೋಧಕರು ನಿಸರ್ಗದಿಂದ ಹಿಡಿದ ನೊಣಗಳಲ್ಲಿ ದೊರೆತ ಅಸಿಟೋಬ್ಯಾಕ್ಟರ್ ಥೈಲ್ಯಾಂಡಿಕಸ್ ಕರುಳಿನಲ್ಲಿ ಸ್ಥಿರವಾಗಿ ನೆಲೆಸುತ್ತದೆಂದು ತೋರಿಸಿದ್ದು ಈ ಬಗೆಯ ಪರೀಕ್ಷೆಯಿಂದಲೇ. ಡಿಎನ್‌ಎ ಓದುವುದೊಂದನ್ನೇ ನಂಬಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಜೀವಕೋಶಗಳ ಒಳಗೇ ವಾಸಿಸುವ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ನೊಣದಲ್ಲಿದ್ದರೆ, ಬ್ಯಾಕ್ಟೀರಿಯಾ ಬಗೆಗಳನ್ನು ಗುರುತಿಸಲು ಬಳಸುವ 16ಎಸ್ ಜೀನಿನ ಓದುಗಳಲ್ಲಿ ಬಹುಪಾಲನ್ನು ಅದೇ ಆಕ್ರಮಿಸಿಕೊಂಡು ಕರುಳಿನ ನಿಜವಾದ ನಿವಾಸಿಗಳನ್ನು ಮರೆಮಾಡುತ್ತದೆ. ಅದನ್ನು ಲೆಕ್ಕದಿಂದ ಬಿಡಬೇಕು, ಮತ್ತು ಹೊರಗಿನಿಂದ ಬೆರೆತ ಡಿಎನ್‌ಎಯನ್ನು ಪತ್ತೆಹಚ್ಚಲು ಮಾದರಿಯೇ ಇಲ್ಲದ ಖಾಲಿ ನಳಿಕೆಯೊಂದನ್ನು ಎಲ್ಲ ಹಂತಗಳಲ್ಲೂ ಜೊತೆಗೆ ನಡೆಸಬೇಕು.

ನೊಣದ ಜೀನುಗಳ ಪಾತ್ರವನ್ನೂ ಸೂಕ್ಷ್ಮಾಣುಗಳ ಪಾತ್ರವನ್ನೂ ಬೇರ್ಪಡಿಸಲು, ಮೊಟ್ಟೆಗಳನ್ನು ದುರ್ಬಲಗೊಳಿಸಿದ ಬ್ಲೀಚ್ ದ್ರಾವಣದಲ್ಲಿ ಕೆಲವು ನಿಮಿಷ ತೊಳೆಯುತ್ತೇನೆ. ಹೊರಪೊರೆಯೊಡನೆ ತಾಯಿಯಿಂದ ಅಂಟಿದ ಬ್ಯಾಕ್ಟೀರಿಯಾವೂ ಹೋಗುತ್ತದೆ. ಒಳಗಿರುವ ವೊಲ್ಬಾಕಿಯಾ ಮಾತ್ರ ಹೋಗುವುದಿಲ್ಲ, ಅದನ್ನು ತೆಗೆಯಲು ನೊಣಗಳಿಗೆ ಮೊದಲೇ ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಔಷಧಿ ಕೊಟ್ಟು, ಕೆಲವು ಪೀಳಿಗೆ ಕಾಯಬೇಕು. ಬಳಿಕ ಎರಡು ಊರುಗಳ ನೊಣಗಳಿಗೆ ಎರಡೂ ಊರುಗಳ ಸೂಕ್ಷ್ಮಾಣುಗಳನ್ನು ಅದಲುಬದಲಾಗಿ ಕೊಟ್ಟು ಬೆಳವಣಿಗೆಯ ಅವಧಿ, ಮೈಕೊಬ್ಬು ಮತ್ತು ಹಸಿವನ್ನು ತಾಳುವ ಶಕ್ತಿಗಳನ್ನು ಅಳೆಯುತ್ತೇನೆ.

ಇಷ್ಟು ಶ್ರಮಕ್ಕೆ ಅರ್ಥವಿದೆಯೆಂದು ನನಗೆ ಮನದಟ್ಟು ಮಾಡಿಸಿದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಯಲಿನ ಪಂಜರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ. ಒಂದೇ ಮೂಲದ ನೊಣಗಳಲ್ಲಿ ಕೆಲವು ಗುಂಪುಗಳ ಆಹಾರಕ್ಕೆ ಅಸಿಟೋಬ್ಯಾಕ್ಟರ್, ಕೆಲವಕ್ಕೆ ಲ್ಯಾಕ್ಟೋಬ್ಯಾಸಿಲಸ್ ಸೇರಿಸಿದಾಗ, ಕೇವಲ 5 ಪೀಳಿಗೆಗಳಲ್ಲಿ ಅವುಗಳ ಜೀನೋಮ್‌ಗಳೇ (ಒಟ್ಟು ಡಿಎನ್‌ಎಯೇ) ಬೇರೆ ಬೇರೆ ದಿಕ್ಕಿಗೆ ಬದಲಾಗಿದ್ದವು. ಕರುಳಿನ ಜೀವಿಗಳೇ ನೈಸರ್ಗಿಕ ಆಯ್ಕೆಯ ದಿಕ್ಕನ್ನು ತಿರುಗಿಸಬಲ್ಲವು ಎಂದಾದರೆ, ನಮ್ಮ ಘಟ್ಟದ ಮೇಲಿನ ಮತ್ತು ಬಯಲುಸೀಮೆಯ ನೊಣಗಳ ವ್ಯತ್ಯಾಸಗಳನ್ನು ಹವಾಮಾನವೊಂದರಿಂದಲೇ ವಿವರಿಸುವುದು ಸಾಲದು.

ಈ ಕೆಲಸವನ್ನು ಆರಂಭಿಸುವವರಿಗೆ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಪ್ರಯೋಗಾಲಯದ ಆಹಾರಕ್ಕೆ ಬೂಸ್ಟು ತಡೆಯಲು ಹಾಕುವ ನಿಪಾಜಿನ್ ಬ್ಯಾಕ್ಟೀರಿಯಾಗಳನ್ನೂ ಬಾಧಿಸುವುದರಿಂದ, ನಿಸರ್ಗದಿಂದ ತಂದ ಸೂಕ್ಷ್ಮಾಣು ಸಮುದಾಯ ಪ್ರಯೋಗಾಲಯದಲ್ಲಿ ಹಾಗೆಯೇ ಉಳಿಯುವುದಿಲ್ಲ. ಹೀಗಾಗಿ, ಹಿಡಿದ ದಿನವೇ ಕೆಲವು ನೊಣಗಳ ಮೈಯನ್ನು ಎಥನಾಲ್‌ನಿಂದಲೂ ಆನಂತರ ಶುದ್ಧ ನೀರಿನಿಂದಲೂ ತೊಳೆದು, ಅರೆದು, ಹೆಪ್ಪುಗಟ್ಟಿದಾಗ ಬ್ಯಾಕ್ಟೀರಿಯಾ ಸಾಯದಂತೆ ಕಾಯುವ ಗ್ಲಿಸರಾಲ್ ಬೆರೆಸಿ, ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಇಡಬೇಕು.