ಕೋಳಿಗೆ ಬೆಳ್ಳುಳ್ಳಿ: ಎಷ್ಟು, ಹೇಗೆ, ಯಾವಾಗ

ಮಳೆಗಾಲ ಹಿಡಿಯಿತೆಂದರೆ ಉಡುಪಿ, ಮಂಗಳೂರು ಕಡೆಯ ಗೂಡುಗಳಲ್ಲಿ ಒಂದಲ್ಲ ಒಂದು ಕೋಳಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಾ ಕೂತಿರುತ್ತದೆ. ಅದನ್ನು ಕಂಡ ಮೇಲೆ ಬೆಳ್ಳುಳ್ಳಿ ಜಜ್ಜಲು ಹೊರಟರೆ ಹೆಚ್ಚು ಪ್ರಯೋಜನವಿಲ್ಲ. ಕೊಡುವುದಿದ್ದರೆ ಕೋಳಿ ಗಟ್ಟಿಮುಟ್ಟಾಗಿರುವಾಗಲೇ, ಮೇ ತಿಂಗಳ ಕೊನೆಗೇ ಶುರು ಮಾಡಿ.

ಇಡೀ ಎಸಳು ಹಾಕಬೇಡಿ. ಬೆಳ್ಳುಳ್ಳಿಯ ಖಾರ, ಘಾಟು ಎಲ್ಲ ಅಲಿಸಿನ್ ಎಂಬ ಅಂಶದ್ದು. ಎಸಳು ಒಡೆದಾಗ ಮಾತ್ರ ಅದು ಹುಟ್ಟುತ್ತದೆ. ಹಾಗಾಗಿ ಸಿಪ್ಪೆ ತೆಗೆದು ಕಲ್ಲಲ್ಲಿ ಚೆನ್ನಾಗಿ ಜಜ್ಜಿ, ಹತ್ತು ನಿಮಿಷ ಹಾಗೇ ಬಿಡಿ. ಬಿಸಿ ಗಂಜಿಗೆ ಹಾಕಿ ಕುದಿಸುವ ರೂಢಿ ಕೆಲವು ಮನೆಗಳಲ್ಲಿದೆ. ಕುದಿಸಿದರೆ ಆ ಅಂಶ ನಾಶವಾಗುತ್ತದೆ. ಒಗ್ಗರಣೆಯಲ್ಲಿ ಉಳಿದ ಬೆಳ್ಳುಳ್ಳಿಯೂ ಅಷ್ಟೇ, ಜೊತೆಗೆ ಉಪ್ಪು, ಎಣ್ಣೆ ಬೇರೆ.

ಹತ್ತು ದೊಡ್ಡ ಕೋಳಿಗಳಿಗೆ ಮಧ್ಯಮ ಗಾತ್ರದ ನಾಲ್ಕು ಎಸಳು ಸಾಕು, ಅದೂ ವಾರಕ್ಕೆ ಎರಡು ಅಥವಾ ಮೂರು ದಿನ. ತೌಡಿಗೆ ಸ್ವಲ್ಪ ನುಚ್ಚು ಸೇರಿಸಿ, ಜಜ್ಜಿದ್ದನ್ನು ಹಾಕಿ, ನೀರು ಚಿಮುಕಿಸಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಬೆಳಿಗ್ಗೆ ಗೂಡು ತೆರೆದ ಕೂಡಲೇ, ಹಸಿದಿರುವಾಗ ಇಟ್ಟರೆ ಘಾಟು ನೋಡದೆ ತಿನ್ನುತ್ತವೆ. ಒಂದೇ ತಟ್ಟೆಯಾದರೆ ಹುಂಜವೇ ಅರ್ಧ ಮುಗಿಸುತ್ತದೆ, ಎರಡು ಮೂರು ಕಡೆ ಹಂಚಿ ಇಡಿ. ಅರ್ಧ ಗಂಟೆಯಲ್ಲಿ ಉಳಿದದ್ದನ್ನು ಎತ್ತಿಬಿಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ತೇವದಲ್ಲಿ ಒದ್ದೆ ತೌಡಿಗೆ ಬೇಗ ಬೂಸ್ಟು ಬರುತ್ತದೆ; ಬೂಸ್ಟಿನ ವಿಷ ಕೋಳಿಯ ಯಕೃತ್ತನ್ನೇ ಕೆಡಿಸುತ್ತದೆ.

ನೀರಲ್ಲಿ ಕೊಡುವುದಾದರೆ ಲೀಟರಿಗೆ ಒಂದು ಎಸಳು, ಸಂಜೆ ಚೆಲ್ಲಿ ಪಾತ್ರೆ ಉಜ್ಜಿ ತೊಳೆಯಿರಿ. ಪಕ್ಕದಲ್ಲಿ ಬರೀ ನೀರೂ ಇರಲಿ. ವಾಸನೆಗೆ ಹೇಸಿ ನೀರು ಕುಡಿಯದ ಹೇಂಟೆ ಮೊಟ್ಟೆ ನಿಲ್ಲಿಸುತ್ತದೆ. ನೀರಲ್ಲಿ ಲಸಿಕೆ ಹಾಕುವ ದಿನ, ಅದರ ಹಿಂದು ಮುಂದಿನ ದಿನ, ಬೆಳ್ಳುಳ್ಳಿ ಬೇಡವೇ ಬೇಡ.

ಒಳ್ಳೆಯದೆಂದು ದಿನಾ ಹಿಡಿಗಟ್ಟಲೆ ಹಾಕಿದರೆ ಕೋಳಿಯ ಕೆಂಪು ರಕ್ತಕಣಗಳು ಒಡೆಯಬಹುದು. ಜುಟ್ಟು ಬಿಳಿಚಿಕೊಂಡಿತೆಂದರೆ ಕೂಡಲೇ ನಿಲ್ಲಿಸಿ. ಈರುಳ್ಳಿಯಲ್ಲೂ ಇದೇ ಗುಣವಿದೆ, ಹಾಗಾಗಿ ಅಡುಗೆಮನೆಯ ಈರುಳ್ಳಿ ಚೂರುಗಳನ್ನು ಇದರೊಟ್ಟಿಗೆ ಸೇರಿಸಬೇಡಿ. ಅತಿಯಾದರೆ ಮೊಟ್ಟೆಗೂ ವಾಸನೆ ಹಿಡಿಯಬಹುದು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ರಾಣಿಖೇತ್ ರೋಗಕ್ಕೆ ಬೆಳ್ಳುಳ್ಳಿ ತಡೆಯಲ್ಲ. ಮರಿಗೆ 5ರಿಂದ 7 ದಿನವಾದಾಗ ಕಣ್ಣು ಮೂಗಿಗೆ ಲಸಿಕೆಯ ಹನಿ, 6ರಿಂದ 8 ವಾರಕ್ಕೆ ಚುಚ್ಚುಮದ್ದು ಆಗಲೇಬೇಕು. ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ, ಅದೇ ದಿನ ಪಶು ಆಸ್ಪತ್ರೆಗೆ ಹೋಗಿ ಮದ್ದು ತನ್ನಿ. ಹೊಟ್ಟೆಹುಳಕ್ಕೂ ಬೆಳ್ಳುಳ್ಳಿಯನ್ನೇ ನಂಬಬೇಡಿ. ಗೂಡಿನ ನೆಲಕ್ಕೆ ಹಾಸಿದ ಮರದ ಹುಡಿ ಒದ್ದೆಯಾಗಿದ್ದರೆ ಯಾವ ಮದ್ದೂ ನಾಟುವುದಿಲ್ಲ, ಅದನ್ನು ತೆಗೆದು ಒಣಗಿದ್ದು ಹಾಕಿ.

ಬೆಳ್ಳುಳ್ಳಿ ಗೊಂಚಲನ್ನು ಒಲೆಯ ಮೇಲ್ಗಡೆ ಗಾಳಿಯಾಡುವ ಹಾಗೆ ತೂಗುಹಾಕಿ. ಮೊಳಕೆ ಬಂದದ್ದನ್ನು ಕೊಡಬಹುದು, ಕಪ್ಪು ಬೂಸ್ಟು ಹಿಡಿದದ್ದನ್ನು ಬಿಸಾಡಿ.