ಮನೆ ಖರೀದಿಗೆ ಮುಂಚೆ ಯಾವ ಸರ್ವೆ? ವಿಜಯಪುರದಲ್ಲಿ ನನ್ನ ಅನುಭವ

ನಮ್ಮ ವಿಜಯಪುರದಲ್ಲಿ ಮನೆ ಕೊಳ್ಳಲು ಹೊರಟವರನ್ನು "ಸರ್ವೆ ಮಾಡಿಸಿದಿರೇನು?" ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಕೆಲವರ ಪಾಲಿಗೆ ಅದು ಸಿಟಿ ಸರ್ವೆ ಕಚೇರಿಯಿಂದ ತಂದ ಉತಾರ (ಆಸ್ತಿ ದಾಖಲೆಯ ನಕಲು), ಕೆಲವರಿಗೆ ಮೋಜಣಿದಾರ ಬಂದು ಜಾಗ ಅಳೆದದ್ದು, ಇನ್ನುಳಿದ ಹೆಚ್ಚಿನವರಿಗೆ ಬ್ಯಾಂಕಿನ ಕಡೆಯಿಂದ ಬಂದುಹೋದ ಎಂಜಿನಿಯರ್. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನಗೂ ಇವುಗಳ ನಡುವಿನ ಅಂತರ ಸ್ವಂತಕ್ಕೆ ಮನೆ ಹುಡುಕುವವರೆಗೆ ತಿಳಿದಿರಲಿಲ್ಲ. ನಮಗೆ ಬೇಕಾಗಿದ್ದದ್ದು ಕೆಳಗೆ ನಾವಿಬ್ಬರೂ ಇದ್ದು, ಮುಂದೆ ಮಗನಿಗಾಗಿ ಮೇಲೊಂದು ಮಹಡಿ ಏರಿಸಿಕೊಳ್ಳಬಹುದಾದ ಹಳೆಯ ಮನೆ. ಯಾರಿಂದ ಯಾವ ಸರ್ವೆ ಮಾಡಿಸಬೇಕು ಎಂಬುದು ಕಡೆಗೆ ಈ ಮೇಲಿನ ಮಹಡಿಯ ಮಾತಿನಿಂದಲೇ ತೀರ್ಮಾನವಾಯಿತು, ಆದರೆ ಅದು ಹೊಳೆಯುವ ಮೊದಲೇ ನಾವು ಒಂದು ಕಡೆ ಎಡವಿದ್ದೆವು.

ಮೊದಲು ಮನಸ್ಸಿಗೆ ಬಂದ ಮನೆ ಊರೊಳಗಿನ ಒಂದು ಹಳೆಯ ಗುಮ್ಮಟದ ಹಿಂದಿನ ಓಣಿಯಲ್ಲಿತ್ತು. ಶಹಾಬಾದಿ ಫರಸಿಯ ತಂಪಾದ ಪಡಸಾಲೆಯನ್ನು ಕಂಡು ಮರುಳಾಗಿ, ಒಂದು ಸಾಲಿನ ಚೀಟಿ ಬರೆಸಿಕೊಂಡು ಐವತ್ತು ಸಾವಿರ ಸಂಚಕಾರ ಕೊಟ್ಟುಬಿಟ್ಟೆವು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬುದು 1992ರ ಅಧಿಸೂಚನೆಯಿಂದ ಬಂದು, 2010ರ ತಿದ್ದುಪಡಿಯಿಂದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯೊಳಗೇ ಸೇರಿದ ನಿಯಮ. ಹೆಜ್ಜೆಗೊಂದು ಸ್ಮಾರಕವಿರುವ ನಮ್ಮ ಊರಿನಲ್ಲಿ ಇದನ್ನು ಬಾಯಿಮಾತಿಗೆ ಎಲ್ಲರೂ ಬಲ್ಲರು. ಆದರೆ ಅಳತೆಯನ್ನು ಎಲ್ಲಿಂದ ಹಿಡಿಯಬೇಕೆಂಬುದನ್ನು ಬಲ್ಲವರು ಕಡಿಮೆ. ದಲಾಲಿಯವರು ಫೋನಿನ ನಕ್ಷೆಯಲ್ಲಿ ಗುಮ್ಮಟದ ನೆತ್ತಿಯಿಂದ ಮನೆಯ ಬಾಗಿಲಿಗೆ ಗೆರೆ ಎಳೆದು 118 ಮೀಟರ್ ತೋರಿಸಿದ್ದರು. ಕಾಯ್ದೆಯ ಪ್ರಕಾರ ಅಳತೆ ಆರಂಭವಾಗುವುದು ಸಂರಕ್ಷಿತ ಪ್ರದೇಶದ ಮೇರೆಯಿಂದ, ಅಂದರೆ ಇಲ್ಲಿ ಸುತ್ತಲಿನ ಆವರಣದ ಅಂಚಿನಿಂದ. ಪರಿಚಯದ ಎಂಜಿನಿಯರೊಬ್ಬರು ಅಲ್ಲಿಂದ ಅಳೆದಾಗ ಬಂದದ್ದು 71 ಮೀಟರ್. ನಿಷೇಧಿತ ಪ್ರದೇಶದಲ್ಲಿ ಇದ್ದ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಿಕೊಳ್ಳಬಹುದು, ಆದರೆ ಮೇಲಕ್ಕಾಗಲಿ ಪಕ್ಕಕ್ಕಾಗಲಿ ಸೇರಿಸುವುದು ಕಾಯ್ದೆಯ ದೃಷ್ಟಿಯಲ್ಲಿ ಹೊಸ ನಿರ್ಮಾಣವೇ. ಅಲ್ಲಿಗೆ ಮಗನ ಮಹಡಿಯ ಲೆಕ್ಕ ಮುಗಿಯಿತು. ಸಂಚಕಾರದಲ್ಲಿ ಹತ್ತು ಸಾವಿರ ಇಂದಿಗೂ ಬಂದಿಲ್ಲ, ಬರುವುದೂ ಇಲ್ಲ.

ಎರಡನೆಯ ಮನೆ ಸ್ಮಾರಕಗಳಿಂದ ದೂರದ, ಆದರೆ ಸಿಟಿ ಸರ್ವೆ ವ್ಯಾಪ್ತಿಯೊಳಗಿನ ಹಳೆಯ ಬಡಾವಣೆಯಲ್ಲಿತ್ತು. ಮೂವತ್ತು ನಲವತ್ತರ ಜಾಗ, ಇಟ್ಟಿಗೆಯ ಗೋಡೆಗಳ ಮೇಲೆ ನೇರವಾಗಿ ಕೂತ ಸ್ಲ್ಯಾಬು, ಇಪ್ಪತ್ತಾರು ವರ್ಷದ ಕಟ್ಟಡ, ಹೇಳಿದ ಬೆಲೆ 46 ಲಕ್ಷ. ಬ್ಯಾಂಕಿನ ಮೌಲ್ಯಮಾಪಕರು ಬಂದು, ಇಪ್ಪತ್ತು ನಿಮಿಷ ಇದ್ದು, ಮುಂಭಾಗವನ್ನಷ್ಟೇ ಟೇಪಿನಿಂದ ಅಳೆದು, ಫೋಟೋ ತೆಗೆದುಕೊಂಡು ಹೋದರು. ವರದಿಯಲ್ಲಿ ಕಟ್ಟಡ ಸುಸ್ಥಿತಿಯಲ್ಲಿದೆ ಎಂದು ಬರೆದಿತ್ತು. ದಲಾಲಿಯವರು "ಬ್ಯಾಂಕಿನವರ ಪಾಸ್ ಮಾಡ್ಯಾರಂದ ಮ್ಯಾಲ ನಿಮಗೇನ ಚಿಂತಿರಿ, ಅಕ್ಕಾರ?" ಎಂದರು.

ಆ ಮೌಲ್ಯಮಾಪಕರ ಮೇಲೆ ನನ್ನ ದೂರೇನೂ ಇಲ್ಲ, ಏಕೆಂದರೆ ತಮ್ಮನ್ನು ಕೇಳಿದ್ದಕ್ಕೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದರು. ಸಾಲ ತೀರದೆ ಹೋದರೆ ಈ ಆಸ್ತಿಯನ್ನು ಮಾರಿ ಹಣ ವಸೂಲಿ ಮಾಡಲು ಬರುತ್ತದೆಯೇ ಎಂಬುದಷ್ಟೇ ಬ್ಯಾಂಕಿನ ಪ್ರಶ್ನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ. 80ನ್ನು ಮೀರುವಂತಿಲ್ಲ. ನಾವು ಕೇಳಿದ್ದು 34 ಲಕ್ಷ. ಮನೆಯಲ್ಲಿ ಏನೋ ದೋಷ ಸಿಕ್ಕು ಅದರ ಬೆಲೆ ಹತ್ತು ಲಕ್ಷ ಕುಸಿದರೂ ಬ್ಯಾಂಕಿನ ಒಂದು ರೂಪಾಯಿ ಹೋಗದು, ಹೋಗುವುದೆಲ್ಲ ನಾವು ಕೈಯಿಂದ ಹಾಕುವ 12 ಲಕ್ಷದಲ್ಲೇ. ವರದಿಯ ಶುಲ್ಕ ಕಟ್ಟಿದವಳು ನಾನಾದರೂ ವರದಿ ನನಗಾಗಿ ಬರೆದದ್ದಲ್ಲ. ಇದಕ್ಕೆ ಕಾನೂನಿನ ಇನ್ನೊಂದು ಮಗ್ಗುಲೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನಂತೆ ಮಾರುವವರು ತಮಗೆ ಗೊತ್ತಿರುವ ಮುಖ್ಯ ದೋಷವನ್ನು ಹೇಳಲೇಬೇಕು, ಆದರೆ ಕೊಳ್ಳುವವರು ಸಾಧಾರಣ ಎಚ್ಚರಿಕೆಯಿಂದ ನೋಡಿದ್ದರೆ ಕಾಣಬಹುದಾಗಿದ್ದ ದೋಷಕ್ಕೆ ಆ ಹೊಣೆ ಅನ್ವಯಿಸುವುದಿಲ್ಲ. ಗೋಡೆಯ ಮೇಲಿನ ಬಿರುಕನ್ನು ನಾನು ನೋಡದೆ ಬಿಟ್ಟರೆ ಅದು ನನ್ನ ತಲೆಗೇ.

ಹೀಗಾಗಿ ಈ ಸಲ ಸಂಚಕಾರ ಪತ್ರವನ್ನು ವಕೀಲರಿಂದ ಬರೆಸಿ, ಜಾಗದ ಮೋಜಣಿಯನ್ನೂ ಕಟ್ಟಡದ ತಪಾಸಣೆಯನ್ನೂ ಮಾಡಿಸಲು ಮಾಲೀಕರು ಅವಕಾಶ ಕೊಡಬೇಕು, ಅವುಗಳ ವರದಿ ಒಪ್ಪಿಗೆಯಾಗದಿದ್ದರೆ ಪೂರ್ತಿ ಹಣ ಮರಳಿಸಬೇಕು, ಖರೀದಿಗೆ ನಾಲ್ಕು ತಿಂಗಳ ಅವಧಿ ಇರಬೇಕು ಎಂಬ ಷರತ್ತುಗಳನ್ನು ಹಾಕಿಸಿದೆ. ಮಾಲೀಕರು ಮೊದಲು ಮುಖ ಸಿಂಡರಿಸಿದರೂ ಬೇರೆ ಗಿರಾಕಿ ಇಲ್ಲದ್ದರಿಂದ ಒಪ್ಪಿದರು.

ಕಟ್ಟಡ ನೋಡಲು ಯಾರನ್ನು ಕರೆಯುವುದೆಂದು ನಾಲ್ವರನ್ನು ವಿಚಾರಿಸಿದೆ. ಒಬ್ಬರು ದಲಾಲಿಯವರ ಸ್ನೇಹಿತರು, ಪುಕ್ಕಟೆ ನೋಡಿಕೊಡುತ್ತೇನೆಂದರು. ಪುಕ್ಕಟೆಯ ವರದಿ ಯಾರ ಋಣದಲ್ಲಿರುತ್ತದೆ ಎಂದು ಯೋಚಿಸಿ ಬಿಟ್ಟೆ. ಇನ್ನೊಬ್ಬರು ಎರಡು ಸಾವಿರಕ್ಕೆ ಒಪ್ಪಿದರು, ಆದರೆ ದುರಸ್ತಿಯ ಗುತ್ತಿಗೆಯನ್ನೂ ತಮಗೇ ಕೊಡಬೇಕೆಂದರು. ದೋಷ ಹೆಚ್ಚಾದಷ್ಟೂ ಲಾಭ ಹೆಚ್ಚಾಗುವವರಿಂದ ದೋಷದ ಪಟ್ಟಿ ಬರೆಸುವುದು ನನಗೆ ಸರಿಕಾಣಲಿಲ್ಲ. ನಮ್ಮ ತವರಿನ ಗವಂಡಿಯೊಬ್ಬನ ಕಣ್ಣು ಬಹಳ ಚುರುಕು, ಅವನನ್ನು ಕರೆದೊಯ್ದು ಅವನ ಮಾತನ್ನೂ ಕೇಳಿದೆ, ಆದರೆ ಮಾಲೀಕರ ಎದುರು ಚೌಕಾಶಿಗೆ ಕೂತಾಗ ಗವಂಡಿಯ ಮಾತನ್ನು ಕಾಗದದ ಮೇಲೆ ತೋರಿಸಲಾಗದು. ನಾಲ್ಕನೆಯವರು ಸ್ಟ್ರಕ್ಚರಲ್ ಎಂಜಿನಿಯರ್. ಶುಲ್ಕ ಹೇಳುವ ಮೊದಲೇ ಅವರು "ಮೇಡಂ, ನೀವು ಈ ಮನಿಯೊಳಗ ಏನ ಮಾಡವರದೀರಿ?" ಎಂದು ಕೇಳಿದರು. ಬರೀ ಇರಲು ಕೊಳ್ಳುವುದಾದರೆ ಒಂದು ಬಗೆಯ ತಪಾಸಣೆ ಸಾಕು, ಮಹಡಿ ಏರಿಸುವುದಾದರೆ ಪಾಯವನ್ನೇ ತೋಡಿ ನೋಡಬೇಕು ಎಂದರು. ಹಿಂದಿನ ಒಂದು ವರದಿಯನ್ನು ಹೆಸರು ವಿಳಾಸ ಮುಚ್ಚಿ ತೋರಿಸಲು ಕೇಳಿದೆ. ಅದರಲ್ಲಿ ಪ್ರತಿ ಬಿರುಕಿನ ಫೋಟೋ, ಮಿಲಿಮೀಟರಿನಲ್ಲಿ ಅದರ ಅಗಲ, ಯಾವ ಗೋಡೆ ಯಾವ ದಿಕ್ಕು ಎಂಬುದೆಲ್ಲ ಇತ್ತು. 12,000 ರೂಪಾಯಿಗೆ ಮಾತಾಯಿತು.

ಜಾಗದ ಅಳತೆಯಲ್ಲೂ ಎರಡು ದಾರಿಗಳಿದ್ದವು. ಖಾಸಗಿ ಮೋಜಣಿದಾರರು ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ತಂದು ಒಂದೇ ದಿನದಲ್ಲಿ ನಿಖರವಾದ ನಕ್ಷೆ ಕೊಡುತ್ತಾರೆ, ಆದರೆ ಆ ನಕ್ಷೆಗೆ ಪಕ್ಕದ ಮನೆಯವರು ತಲೆಬಾಗಬೇಕೆಂದಿಲ್ಲ. ಸಿಟಿ ಸರ್ವೆ ಕಚೇರಿಯ ಮೋಜಣಿ ನಿಧಾನ, ಅರ್ಜಿಯನ್ನು ಆಗಿನ ಮಾಲೀಕರೇ ಹಾಕಬೇಕು, ಆದರೆ ಅಕ್ಕಪಕ್ಕದವರಿಗೆ ನೋಟಿಸು ಹೋಗಿ ಅವರ ಸಮಕ್ಷಮ ಅಳೆಯುವುದರಿಂದ ಅದಕ್ಕೆ ತೂಕವಿದೆ. ನಾನು ಮೊದಲು ಖಾಸಗಿಯಾಗಿ 4,500 ರೂಪಾಯಿಗೆ ಅಳೆಸಿದೆ, ಅಳತೆ ಮತ್ತು ಕಾಗದ ತಾಳೆಯಾದರೆ ಅಲ್ಲಿಗೇ ನಿಲ್ಲಿಸುವ ಯೋಚನೆಯಿಂದ.

ತಾಳೆಯಾಗಲಿಲ್ಲ. ಹಳೆಯ ಖರೀದಿ ಪತ್ರದಲ್ಲಿ ಮೂವತ್ತು ಗುಣಿಸು ನಲವತ್ತು, ಅಂದರೆ 1,200 ಚದರಡಿ ಎಂದಿತ್ತು. ಸಿಟಿ ಸರ್ವೆ ಕಚೇರಿಯ ದಾಖಲೆಯಾದ ಪ್ರಾಪರ್ಟಿ ಕಾರ್ಡಿನಲ್ಲಿ 108.7 ಚದರ ಮೀಟರ್ ಎಂದಿತ್ತು. ಒಂದು ಚದರ ಮೀಟರಿಗೆ 10.764 ಚದರಡಿಯಂತೆ ಗುಣಿಸಿದರೆ ಅದು 1,170 ಚದರಡಿ. ಟೋಟಲ್ ಸ್ಟೇಷನ್ ತೋರಿಸಿದ್ದು ಅಗಲ 29 ಅಡಿ 3 ಇಂಚು, ಉದ್ದ 40 ಅಡಿ, ಅದೂ 1,170. ಕೊರತೆ ಬಂದದ್ದು ನಲವತ್ತು ಅಡಿ ಉದ್ದಕ್ಕೂ ಒಂಬತ್ತು ಇಂಚು, ಸರಿಯಾಗಿ ಒಂದು ಇಟ್ಟಿಗೆ ಗೋಡೆಯ ದಪ್ಪ. ಬಡಾವಣೆಯ ನೀಲಿ ನಕ್ಷೆಯಲ್ಲಿದ್ದ ಮೂವತ್ತು ನಲವತ್ತನ್ನೇ ಖರೀದಿ ಪತ್ರದಿಂದ ಖರೀದಿ ಪತ್ರಕ್ಕೆ ನಕಲು ಮಾಡುತ್ತ ಬಂದಿದ್ದರೇ ಹೊರತು ಯಾರೂ ನೆಲದ ಮೇಲೆ ಅಳೆದಿರಲಿಲ್ಲ. ಕಾರ್ಡಿನ ಪ್ರಕಾರ ಪೂರ್ವದ ಗೋಡೆ ಪಕ್ಕದ ಮನೆಯವರ ಜಾಗದಲ್ಲಿ ನಿಂತಿತ್ತು.

ಮೂವತ್ತು ಚದರಡಿ ಹೋದರೆ ಹೋಗಲಿ ಎಂದು ನಮ್ಮ ಮನೆಯವರು ಅಂದರು. ನಾನೂ ಹೌದೆನ್ನುವವಳಿದ್ದೆ. ಆದರೆ ಆ ನಕ್ಷೆಯನ್ನು ಸ್ಟ್ರಕ್ಚರಲ್ ಎಂಜಿನಿಯರರ ಕೈಗೆ ಕೊಟ್ಟಾಗ ಅವರು ಕೇಳಿದ ಮೊದಲ ಮಾತು, ಹಾಗಾದರೆ ನಿಮ್ಮ ಸ್ಲ್ಯಾಬು ಯಾರ ಗೋಡೆಯ ಮೇಲೆ ಕೂತಿದೆ ಎಂಬುದು. ಅದು ಕೂತದ್ದು ಅದೇ ಪೂರ್ವದ ಗೋಡೆಯ ಮೇಲೆ. ಮಹಡಿ ಏರಿಸಿದರೆ ಅದರ ಭಾರ ಬೀಳುವುದೂ ಅಲ್ಲಿಯೇ. ಆಮೇಲೆ ಮಾಲೀಕರಿಂದ ಕಚೇರಿಯ ಮೋಜಣಿಗೂ ಅರ್ಜಿ ಹಾಕಿಸಿದೆ, ಅದಕ್ಕೆ ಐದು ವಾರ ಹಿಡಿಯಿತು. ನೋಟಿಸಿನಂತೆ ಹಾಜರಾದ ಪಕ್ಕದ ಮನೆಯ ಕಾಕಾ ನನ್ನ ಮುಖ ನೋಡಿ ನಕ್ಕರು. "ತಂಗಿ, ಆ ಗ್ವಾಡಿ ನಮ್ಮಪ್ಪ ಕಟ್ಟಿಸಿದ್ದು. ಕಿತಗೊಂಡ ಒಯ್ತೀವೇನ ನಾವು?" ಎಂದರು. ಒಯ್ಯುವವರಲ್ಲ ನಿಜ, ಆದರೆ ಅವರ ಮಕ್ಕಳು ಪುಣೆಯಲ್ಲಿದ್ದಾರೆ, ನಾಳೆ ಅವರಿಂದ ಕೊಳ್ಳುವವರು ಯಾರೋ.

ತಪಾಸಣೆ ನಡೆದದ್ದು ಮೇ 18ರಂದು, ಬೆಳಗಿನಿಂದ ಮಧ್ಯಾಹ್ನದವರೆಗೆ. ಆ ದಿನವನ್ನು ಆರಿಸಿದವರು ಎಂಜಿನಿಯರರೇ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರಿದು, ಮಳೆಗೆ ನೀರು ಕುಡಿದು ಉಬ್ಬುತ್ತದೆ. ಹೀಗಾಗಿ ಗೋಡೆಯ ಬಿರುಕು ಬಾಯಿ ತೆರೆಯುವುದು ಏಪ್ರಿಲ್, ಮೇ ತಿಂಗಳಲ್ಲಿ, ಮಳೆಗಾಲ ಮುಗಿಯುವಾಗ ಅದು ತಾನಾಗಿ ಮುಚ್ಚಿಕೊಂಡಿರುತ್ತದೆ, ದಸರೆಯ ಬಣ್ಣ ಬಿದ್ದರಂತೂ ಕಾಣುವುದೇ ಇಲ್ಲ. ಪಡಸಾಲೆಯ ಕಿಟಕಿಯ ಮೇಲ್ಮೂಲೆಯಿಂದ ಸ್ಲ್ಯಾಬಿನ ಕಡೆಗೆ ಓರೆಯಾಗಿ ಹೋದ ಒಂದು ಬಿರುಕಿತ್ತು. ಎಂಜಿನಿಯರರು ಗಿಲಾವನ್ನು ಅಂಗೈಯಷ್ಟು ಕೆತ್ತಿ, ಬಿರುಕು ಒಳಗಿನ ಇಟ್ಟಿಗೆಯಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಹೋಗಿದೆ ಎಂದು ತೋರಿಸಿದರು. ಗಿಲಾವಿನಲ್ಲಷ್ಟೇ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳ ಬಗ್ಗೆ ಅವರು ತಲೆಕೆಡಿಸಿಕೊಳ್ಳಲಿಲ್ಲ. ಸ್ಲ್ಯಾಬಿನ ಅಡಿಯನ್ನು ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಪೊಳ್ಳು ಸದ್ದು ಕೇಳಿದರು, ತುಕ್ಕಿನ ಕಲೆ ಹುಡುಕಿದರು. ರಿಬೌಂಡ್ ಹ್ಯಾಮರ್ ಇದ್ದರೂ ಅದರ ಅಂಕಿಯನ್ನು ಹೆಚ್ಚು ನಂಬಲಿಲ್ಲ, ಅದು ಹೇಳುವುದು ಮೇಲ್ಮೈಯ ಗಡಸುತನವನ್ನಷ್ಟೇ, ಹಳೆಯ ಕಾಂಕ್ರೀಟಿನ ಹೊರಪದರ ಗಡಸಾಗಿ ಇದ್ದುದಕ್ಕಿಂತ ಹೆಚ್ಚೇ ತೋರಿಸುತ್ತದೆ ಎಂದರು.

ಕಿಟಕಿಯ ಹೊರಗೆ ಗೋಡೆಗೆ ಹತ್ತಿ ಎರಡು ಅಡಿ ಅಗಲದ ಗುಂಡಿ ತೋಡಿಸಿದಾಗ ವಿಷಯ ಹೊರಬಿತ್ತು. ಪಾಯ ಮೂರೂವರೆ ಅಡಿಗೆ ನಿಂತಿತ್ತು, ಅದರ ಕೆಳಗೂ ಕಪ್ಪು ಎರೆಯೇ. ಗಟ್ಟಿ ನೆಲವಾದ ಗರಸು ಸಿಕ್ಕದ್ದು ಆರಡಿ ಆಳ ದಾಟಿದ ಮೇಲೆ. ಗೋಡೆಯಿಂದ ಎಂಟು ಅಡಿಗೆ ದೊಡ್ಡ ಬೇವಿನ ಮರ ಬೇಸಿಗೆಯಲ್ಲಿ ಆ ಮಣ್ಣಿನ ತೇವ ಹೀರುತ್ತಿತ್ತು, ಸೋರುವ ಗಟಾರ ಇನ್ನೊಂದು ಮೂಲೆಗೆ ವರ್ಷವಿಡೀ ನೀರುಣಿಸುತ್ತಿತ್ತು.

ಬಿರುಕು ಋತುವಿಗೆ ತಕ್ಕಂತೆ ಆಡುತ್ತಿದೆಯೋ ಅಥವಾ ಗೋಡೆ ದಿನೇ ದಿನೇ ಕುಸಿಯುತ್ತಿದೆಯೋ ಎಂಬುದು ಒಂದು ದಿನದ ತಪಾಸಣೆಯಿಂದ ತಿಳಿಯದು. ಅದಕ್ಕಾಗಿ ಬಿರುಕಿನ ಮೇಲೆ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ಬದಿಗೆ ಅಂಟಿಸಿ ತಾರೀಖು ಬರೆದರು, ಪಕ್ಕದಲ್ಲೇ ಆಚೆ ಈಚೆ ಎರಡು ಮೊಳೆ ಹೊಡೆದರು. ಗಾಜು ಒಡೆದರೆ ಗೋಡೆ ಅಲುಗಿತೆಂದು ಗೊತ್ತಾಗುತ್ತದೆ, ಎಷ್ಟು ಎಂಬುದನ್ನು ಮೊಳೆಗಳು ಹೇಳಬೇಕು. ಅಳೆಯುವ ಕೆಲಸವನ್ನು ನಾನೇ ವಹಿಸಿಕೊಂಡೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಶಾಲೆಯ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ ಒಯ್ಯುತ್ತಿದ್ದೆ. ಮೇ 18ರಂದು ಮೊಳೆಗಳ ನಡುವೆ 62.4 ಮಿಲಿಮೀಟರ್, ಜೂನ್ 20ಕ್ಕೆ 62.1, ಜುಲೈ 20ಕ್ಕೆ 61.6, ಆಗಸ್ಟ್ 28ಕ್ಕೆ 61.0. ಗಾಜು ಜುಲೈ ಮೊದಲ ವಾರದಲ್ಲೇ ಒಡೆದಿತ್ತು. ಮಳೆಗೆ ಬಿರುಕು ಕೂಡಿಕೊಳ್ಳುತ್ತಿದೆ, ಅಗಲವಾಗುತ್ತ ಹೋಗುತ್ತಿಲ್ಲ ಎಂಬುದೇ ನಮಗೆ ಬೇಕಾಗಿದ್ದ ಉತ್ತರ. ಪ್ರತಿ ಸಲ ನಾನು ಕ್ಯಾಲಿಪರ್ ಹಿಡಿದು ಹೋದಾಗ ಮಾಲೀಕರ ಹೆಂಡತಿ ಚಹಾ ಕೊಡುತ್ತಿದ್ದರು, ಮಾಲೀಕರು ಮಾತ್ರ ಒಳಗಿನ ಕೋಣೆಯಿಂದ ಹೊರಬರುತ್ತಿರಲಿಲ್ಲ.

ವರದಿಯ ತೀರ್ಮಾನ ಎರಡು ಭಾಗವಾಗಿತ್ತು. ಗಟಾರ ಸರಿಪಡಿಸಿ, ಮನೆಯ ಸುತ್ತ ನೀರು ಇಂಗದಂತೆ ಇಳಿಜಾರಾದ ಕಾಂಕ್ರೀಟು ಹಾಸಿ, ಬಿರುಕನ್ನು ಉಕ್ಕಿನ ಸಲಾಕೆಯಿಂದ ಹೊಲಿದರೆ ಒಂದೇ ಅಂತಸ್ತಿನ ಮನೆಯಾಗಿ ಇದು ನಿಶ್ಚಿಂತೆಯಿಂದ ಬಾಳುತ್ತದೆ. ಮಹಡಿಯ ಭಾರವನ್ನು ಮಾತ್ರ ಈ ಪಾಯದ ಮೇಲೂ ಪೂರ್ವದ ಗೋಡೆಯ ಮೇಲೂ ಹಾಕಬಾರದು, ಗೋಡೆಯಿಂದ ಒಳಗೆ ಸರಿದು ಗರಸಿನವರೆಗೆ ಇಳಿಸಿದ ಪ್ರತ್ಯೇಕ ಕಾಲಂಗಳ ಮೇಲೆ ಏರಿಸಬೇಕು. ಇದನ್ನು ಮುಂದಿಟ್ಟುಕೊಂಡು ಒಂದೂವರೆ ಲಕ್ಷ ಇಳಿಸಿಕೊಂಡೆವು. ಸೆಪ್ಟೆಂಬರಿನಲ್ಲಿ ನೋಂದಾಯಿಸಿದ ಖರೀದಿ ಪತ್ರದಲ್ಲಿ ಕಾರ್ಡಿನ 108.7 ಚದರ ಮೀಟರನ್ನೇ ಬರೆಸಿದೆ, ಮತ್ತು ಪೂರ್ವದ ಗೋಡೆಯಲ್ಲಿ ಈಗಿರುವ ಸ್ಲ್ಯಾಬಿಗೆ ಆಧಾರದ ಹಕ್ಕಿದೆ ಎಂಬ ಬೇರೆ ಕರಾರಿಗೆ ಕಾಕಾ ಸಹಿ ಹಾಕಿ ಅದನ್ನೂ ನೋಂದಣಿ ಮಾಡಿಸಿಕೊಟ್ಟರು.

ವರದಿಯ ಕೊನೆಯ ಪುಟವನ್ನು ಮಾತ್ರ ನಾನು ಸರಿಯಾಗಿ ಓದಲಿಲ್ಲ. ಏನೇನನ್ನು ನೋಡಿಲ್ಲ ಎಂಬ ಪಟ್ಟಿ ಅಲ್ಲಿತ್ತು. ಗೋಡೆಯೊಳಗಿನ ನಳದ ಪೈಪು, ವೈರಿಂಗು, ಫರಸಿಯ ಕೆಳಗಿನ ಭಾಗ. ದೀಪಾವಳಿಯ ವಾರ ದೇವರ ಕೋಣೆಯ ಗೋಡೆ ತೇವವಾಗಿ, ಒಡೆಸಿ ನೋಡಿದರೆ ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದು ತೂತು ಬಿದ್ದಿತ್ತು. ಪೈಪುಗಳನ್ನೆಲ್ಲ ಬದಲಾಯಿಸುವಷ್ಟರಲ್ಲಿ 38,000 ಖರ್ಚಾಯಿತು. ಆಮೇಲೆ ವರದಿ ತೆರೆದು ನೋಡಿದಾಗ ಆ ಪಟ್ಟಿಯ ಪಕ್ಕದ ಖಾಲಿ ಜಾಗದಲ್ಲಿ ಎಂಜಿನಿಯರರು ಪೆನ್ಸಿಲಿನಿಂದ "ಖರೀದಿಗೆ ಮುಂಚೆ ಪ್ಲಂಬರನಿಂದ ಒತ್ತಡ ಪರೀಕ್ಷೆ ಮಾಡಿಸಿ" ಎಂದು ಬರೆದಿದ್ದರು.